ನೆರಳಿನ ಬಾಲ್ಕನಿಗೆ ಅಡಿಕೆ ತೋಟದ ಲೆಕ್ಕ

ಅಡಿಕೆ ತೋಟದೊಳಗೆ ಬಿಸಿಲು ನೆಲ ಮುಟ್ಟುವಾಗ ಬರೀ ಚುಕ್ಕೆ ಚುಕ್ಕೆ. ಆದರೂ ಅಲ್ಲಿ ವೀಳ್ಯದ ಬಳ್ಳಿ ಮರ ಹಬ್ಬುತ್ತದೆ, ಒಳ್ಳೆಮೆಣಸು (ಕಾಳುಮೆಣಸು) ಗೊನೆ ಬಿಡುತ್ತದೆ, ತೋಡಿನ ಬದಿಯಲ್ಲಿ ಕೆಸು ಕೊಡೆ ಬಿಚ್ಚಿದ ಹಾಗೆ ನಿಲ್ಲುತ್ತದೆ, ಒಂದೆಲಗ ಯಾರೂ ನೆಡದೆ ಹಾಸಿಕೊಳ್ಳುತ್ತದೆ. ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರೇ ಕಾಸರಗೋಡು ಪೇಟೆಯಲ್ಲೋ ಉಪ್ಪಳದಲ್ಲೋ ಫ್ಲಾಟ್ ಮಾಡಿದ ಮೇಲೆ ಬಾಲ್ಕನಿಯಲ್ಲಿ ಟೊಮೆಟೊ, ಗುಲಾಬಿ, ಬೆಂಡೆ ನೆಟ್ಟು, ಮೂರು ತಿಂಗಳು ಕಳೆದು "ಇಲ್ಲಿ ಬಿಸಿಲೇ ಇಲ್ಲ, ಏನೂ ಆಗುವುದಿಲ್ಲ" ಎಂದು ಚಟ್ಟಿ ಕವುಚಿ ಹಾಕುವುದುಂಟು. ತೋಟದ ಬುಡದಲ್ಲಿ ಬೆಳೆಯುವುದನ್ನು ಬಾಲ್ಕನಿಗೆ ತಂದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ನೀರಿನ ಲೆಕ್ಕ. ತೋಟದಲ್ಲಿ ಹೆಚ್ಚಾದ ನೀರನ್ನು ಅಡಿಕೆ ಮರದ ಬೇರು ಹೀರುತ್ತದೆ, ಮಿಕ್ಕದ್ದು ಕಣಿಯಲ್ಲಿ ಹರಿದು ಹೋಗುತ್ತದೆ. ಚಟ್ಟಿಯಲ್ಲಿ ಎರಡೂ ಇಲ್ಲ. ಬಿಸಿಲಿನ ತಾರಸಿಯಲ್ಲಿ ಒಂದು ದಿನದಲ್ಲಿ ಒಣಗುವ ಚಟ್ಟಿ ನೆರಳಲ್ಲಿ ನಾಲ್ಕೈದು ದಿನ ಒದ್ದೆಯಾಗಿಯೇ ಇರುತ್ತದೆ. ಬಾಲ್ಕನಿ ಗಿಡ ಸಾಯುವುದು ಹೆಚ್ಚಾಗಿ ಹೀಗೆ ಬೇರು ಕೊಳೆತು. ಬೈಗುಳ ಮಾತ್ರ ನೆರಳಿಗೆ.

ಮೊದಲು ಬೆಳಕನ್ನು ಅಳೆಯಿರಿ

ಗಿಡ ತರುವ ಮೊದಲು ಒಂದು ರಜಾದಿನ ಇದಕ್ಕೆ ಇಡಿ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಬಾಲ್ಕನಿಯ ನೆಲದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರಿಂದ ಒಂದು ಅಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ ನೇರ ಬಿಸಿಲು. ಕೈಯ ಆಕಾರ ತಿಳಿಯುತ್ತದೆ, ಅಂಚು ಮಸುಕು ಎಂದಾದರೆ ಬೆಳಕಿನ ನೆರಳು. ಅಲ್ಲಿ ಏನೋ ಕಪ್ಪಿದೆ ಎಂಬಷ್ಟೇ ಕಂಡರೆ ಗಾಢ ನೆರಳು. ಮೊಬೈಲಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡರೂ ಅಂದಾಜು ಸಿಗುತ್ತದೆ: ಬಯಲಿನ ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್, ಬಾಲ್ಕನಿಯ ಒಳ್ಳೆಯ ನೆರಳಿನಲ್ಲಿ 5ರಿಂದ 15 ಸಾವಿರ, 2 ಸಾವಿರಕ್ಕಿಂತ ಕೆಳಗಿದ್ದರೆ ತಿನ್ನುವ ಗಿಡದ ಆಸೆ ಬಿಟ್ಟು ಎಲೆಯ ಚಂದಕ್ಕೆ ಬೆಳೆಸುವ ಗಿಡಗಳಿಗೆ ಹೋಗುವುದು ಲೇಸು.

ಅಳೆಯುವಾಗ ನೆಲದಲ್ಲೂ ಅಳೆಯಿರಿ, ಕಂಬಿಯ ಎತ್ತರದಲ್ಲೂ ಅಳೆಯಿರಿ. ಕಟ್ಟೆ ಗೋಡೆ ಇರುವ ಬಾಲ್ಕನಿಯಲ್ಲಿ ನೆಲಕ್ಕಿಂತ ಮೂರಡಿ ಮೇಲೆ ಬೆಳಕು ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಒಂದು ಮೆಟ್ಟಿಲು ಸ್ಟ್ಯಾಂಡ್ ಕೊಂಡರೆ ದಿಕ್ಕನ್ನೇ ಬದಲಿಸಿದಷ್ಟು ಪ್ರಯೋಜನ. ಹಿಂದಿನ ಗೋಡೆಗೆ ಬಿಳಿ ಬಣ್ಣ ಬಳಿದರೆ ಗಿಡದ ಹಿಂಬದಿಗೂ ಬೆಳಕು ಸಿಗುತ್ತದೆ.

ಇನ್ನು ದಿಕ್ಕು. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 19ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವೆ ಅವನು ಉತ್ತರಕ್ಕೆ ವಾಲಿರುತ್ತಾನೆ, ವರ್ಷದ ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಇದರ ಪರಿಣಾಮ ಬಾಲ್ಕನಿಯಲ್ಲಿ ಕಾಣುತ್ತದೆ. ದಕ್ಷಿಣದ ಬಾಲ್ಕನಿ ಮಳೆಗಾಲದಲ್ಲಿ ಗುಹೆಯಂತಿದ್ದರೂ ಡಿಸೆಂಬರಿನಲ್ಲಿ ಬಿಸಿಲು ಒಳಗೋಡೆಯವರೆಗೆ ನುಗ್ಗುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟ್) ಸುಖವಾಗಿದ್ದ ಜರಿಗಿಡ ಧನುರ್ಮಾಸದಲ್ಲಿ ಸುಟ್ಟು ಕಂದಾಗುವುದು ಇದರಿಂದಲೇ. ಉತ್ತರದ ಬಾಲ್ಕನಿಗೆ ಮೇ ತಿಂಗಳಲ್ಲಿ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬಿದ್ದೀತು. ಮಳೆಗಾಲದಲ್ಲಿ ಸೂರ್ಯ ಉತ್ತರಕ್ಕಿದ್ದರೂ ಮೋಡ, ಉಳಿದಂತೆ ಹೆಚ್ಚಾಗಿ ನೆರಳು. ಪೂರ್ವದ್ದಾದರೆ ಅದೃಷ್ಟ: ಎರಡು ಮೂರು ತಾಸಿನ ಎಳೆಬಿಸಿಲಿಗೆ ಮುಂದೆ ಹೇಳುವ ಎಲ್ಲ ಗಿಡವೂ ಬರುತ್ತದೆ. ಪಶ್ಚಿಮಕ್ಕೆ ಸಂಜೆಯ ಉರಿಬಿಸಿಲು, ಮಳೆಗಾಲದಲ್ಲಿ ಇರಚಲು, ಕಡಲು ಹತ್ತಿರವಿದ್ದರೆ ಉಪ್ಪುಗಾಳಿ. ಅಲ್ಲಿ ಎಳೆ ಎಲೆಯ ಗಿಡಗಳನ್ನು ಗೋಡೆಗೆ ಒತ್ತಿ ಇಡಬೇಕು.

ಏನು ನೆಡಬಹುದು

ಒಂದು ಅಂದಾಜಿನ ಲೆಕ್ಕವಿದೆ: ಕಾಯಿ ತಿನ್ನುವ ಗಿಡಕ್ಕೆ ಆರು ತಾಸು ಬಿಸಿಲು, ಗೆಂಡೆ ತಿನ್ನುವುದಕ್ಕೆ ಮೂರ್ನಾಲ್ಕು, ಸೊಪ್ಪು ತಿನ್ನುವುದಕ್ಕೆ ಎರಡು ಮೂರು ಅಥವಾ ಒಳ್ಳೆಯ ಬೆಳಕಿನ ನೆರಳು. ಬದನೆ, ಅಲಸಂಡೆ, ಬೆಂಡೆ, ಮಲ್ಲಿಗೆ ಇವು ನೆರಳಲ್ಲಿ ಬದುಕುತ್ತವೆ, ಫಲ ಕೊಡುವುದಿಲ್ಲ. ಬಸಳೆ ನಡುವಿನದು. ಮೂರು ತಾಸು ಬಿಸಿಲಿದ್ದರೆ ಒಂದು ಕುಟುಂಬಕ್ಕೆ ಹದಿನೈದು ದಿನಕ್ಕೊಂದು ಪದಾರ್ಥಕ್ಕಾಗುವಷ್ಟು ಕೊಟ್ಟೀತು, ಆದರೆ ದಂಟು ತೆಳ್ಳಗಿರುತ್ತದೆ. ದಂಟಿಗಾಗಿಯೇ ಬಸಳೆ ಬೆಳೆಸುವವರು ತಾರಸಿ ಹುಡುಕುವುದು ಒಳ್ಳೆಯದು.

ಒಂದೆಲಗ: ನೆರಳಿನ ಬಾಲ್ಕನಿಯ ಮೊದಲ ಗಿಡ ಇದೇ ಆಗಲಿ. ಬೇರು ಆಳಕ್ಕೆ ಹೋಗದ ಕಾರಣ ಆರು ಇಂಚು ಆಳದ ಅಗಲ ಟ್ರೇ ಸಾಕು, ಹಳೆಯ ಬೇಸಿನಿಗೆ ತೂತು ಮಾಡಿದರೂ ಆದೀತು. ಬೇರಿರುವ ಗಂಟುಗಳನ್ನು ನಾಲ್ಕು ಇಂಚಿಗೊಂದರಂತೆ ಊರಿ. ಮಣ್ಣು ಸದಾ ತೇವವಾಗಿರಬೇಕು. ನೀರು ತುಸು ಹೆಚ್ಚಾದರೂ ಸಹಿಸುವ ಅಪರೂಪದ ಗಿಡ. ಒಂದೂವರೆ ತಿಂಗಳಲ್ಲಿ ತಂಬುಳಿಗೆ ಕೊಯ್ಯಬಹುದು. ನೆರಳು ಹೆಚ್ಚಾದಷ್ಟೂ ತೊಟ್ಟು ಉದ್ದ, ಎಲೆ ದೊಡ್ಡದು. ತೋಡಿನ ಬದಿಯಿಂದ ಕಿತ್ತು ತರುವುದಾದರೆ ಕೊಳಚೆ ನೀರು ಹರಿಯದ ಜಾಗ ನೋಡಿಕೊಳ್ಳಿ, ಹಳೆಯ ಎಲೆಯನ್ನೆಲ್ಲ ಕತ್ತರಿಸಿ ಹೊಸ ಚಿಗುರನ್ನಷ್ಟೇ ತಿನ್ನಿ.

ಕೆಸು: ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ಚಟ್ಟಿ ಗಿಡವಿಲ್ಲ. 12 ಇಂಚಿನ ಬಕೆಟ್, ಒಂದು ಗೆಂಡೆ, ಬಿಸುವಿನ (ಏಪ್ರಿಲ್ ನಡುವಿನ ಹೊಸ ವರ್ಷ) ನಂತರ ನೆಟ್ಟರೆ ಆಟಿಯಲ್ಲಿ ಪತ್ರೊಡೆಗೆ ಎಲೆ ಸಿದ್ಧ. ಒಮ್ಮೆಗೆ ಎರಡೇ ಎಲೆ ತೆಗೆಯಿರಿ, ಎಲ್ಲ ಕೊಯ್ದರೆ ಗೆಂಡೆ ಬಡವಾಗುತ್ತದೆ. ತುರಿಸುವುದು ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳಿಂದ. ಹುಳಿ ಹಾಕಿ ಚೆನ್ನಾಗಿ ಬೇಯಿಸುವ ಹಿರಿಯರ ಕ್ರಮ ಅದಕ್ಕೇ. ಅಲಂಕಾರಕ್ಕೆಂದು ಮಾರುವ ಕಪ್ಪು, ಬಣ್ಣದ ಕೆಸುವನ್ನು ಅಡುಗೆಗೆ ಬಳಸಬೇಡಿ.

ಶುಂಠಿ, ಅರಶಿನ: ಎರಡೂ ಅರೆನೆರಳನ್ನು ಸಹಿಸುತ್ತವೆ. ಏಪ್ರಿಲ್ ಕೊನೆಯಿಂದ ಮೇ ನಡುವೆ ಒಂದೆರಡು ಮಳೆ ಬಿದ್ದ ಮೇಲೆ, 25-30 ಗ್ರಾಂ ತೂಕದ, ಒಂದೆರಡು ಮೊಳಕೆ ಇರುವ ತುಂಡುಗಳನ್ನು ಒಂದೂವರೆ ಎರಡು ಇಂಚು ಆಳಕ್ಕೆ ನೆಡಿ. ಒಂದಡಿ ಅಗಲದ ಗ್ರೋಬ್ಯಾಗಿಗೆ ಎರಡು ತುಂಡು. ಚೀಲವನ್ನು ಮೊದಲು ಅರ್ಧವಷ್ಟೇ ತುಂಬಿಸಿ, ಗಿಡ ಏರಿದಂತೆ ತಿಂಗಳಿಗೊಮ್ಮೆ ಎರಡು ಇಂಚು ಮಣ್ಣು-ಗೊಬ್ಬರ ಏರಿಸುತ್ತ ಹೋಗಬೇಕು. ಗೆಂಡೆ ಬಲಿಯುವುದು ಆ ಸಡಿಲ ಮಣ್ಣಿನಲ್ಲಿ. ಎಂಟನೆಯ ತಿಂಗಳಿಗೆ ಎಲೆ ಹಳದಿಯಾಗಿ ಒಣಗಿದಾಗ ಕಿತ್ತರಾಯಿತು. ಅದಕ್ಕೂ ಮೊದಲೇ ಮಳೆಗಾಲದ ಮಧ್ಯೆ ಹಳದಿಯಾಗಿ, ಎಳೆದರೆ ದಂಟು ಸುಲಭವಾಗಿ ಕೈಗೆ ಬಂದು ನಾತ ಬಂದರೆ ಅದು ಗೆಂಡೆ ಕೊಳೆ ರೋಗ. ಆ ಚೀಲವನ್ನು ಮಣ್ಣು ಸಮೇತ ದೂರ ಹಾಕಿ. ಅದೇ ಮಣ್ಣನ್ನು ಬೇರೆ ಚಟ್ಟಿಗೆ ಬೆರೆಸಿದರೆ ರೋಗವನ್ನು ಹಂಚಿದಂತೆ.

ವೀಳ್ಯದೆಲೆ: ತೇವದ ಗಾಳಿ ಮತ್ತು ನೆರಳು ಎರಡನ್ನೂ ಇಷ್ಟಪಡುವ ಬಳ್ಳಿ. ನಾಲ್ಕೈದು ಗಂಟಿನ ಬಳ್ಳಿ ತುಂಡಿನಲ್ಲಿ ಎರಡು ಗಂಟು ಮಣ್ಣೊಳಗೆ ಇರಲಿ. ಹಬ್ಬಲು ತೆಂಗಿನ ನಾರು ಸುತ್ತಿದ ಮೂರಡಿಯ ಕೋಲು ಕೊಟ್ಟು ಆ ನಾರನ್ನೂ ಒದ್ದೆ ಮಾಡುತ್ತಿರಬೇಕು, ಗಂಟಿನ ಬೇರು ಕಚ್ಚಿಕೊಳ್ಳುವುದು ಅದಕ್ಕೇ. ಬಳ್ಳಿ ಕೋಲಿನ ತುದಿ ತಲುಪಿದರೆ ಇಳಿಸಿ, ಬುಡದಲ್ಲಿ ಸುರುಳಿ ಸುತ್ತಿ ಮಣ್ಣು ಮುಚ್ಚಿ. ಹೊಸ ಬೇರು ಬಂದು ಎಲೆ ಮತ್ತೆ ದೊಡ್ಡದಾಗುತ್ತದೆ.

ಪೊದೆಮೆಣಸು: ಕಾಯಿ ಬಿಡುವ ಗಿಡ ಒಂದಾದರೂ ಬೇಕೆಂದರೆ ಇದು. ಒಳ್ಳೆಮೆಣಸಿನ ಬಳ್ಳಿಯ ಮುಖ್ಯ ದಂಟು ಮರ ಏರುತ್ತದೆ, ಪಕ್ಕದ ಕೊಂಬೆಗಳು ಫಲ ಬಿಡುತ್ತವೆ. ಆ ಪಕ್ಕದ ಕೊಂಬೆಯನ್ನೇ ಬೇರು ಬರಿಸಿದರೆ ಅದು ಏರುವುದಿಲ್ಲ, ಚಟ್ಟಿಯಲ್ಲೇ ಪೊದೆಯಾಗಿ ನಿಂತು ಮೆಣಸು ಬಿಡುತ್ತದೆ. ನರ್ಸರಿಯಲ್ಲಿ ಮೋಸ ಹೋಗುವುದು ಇಲ್ಲೇ. ದಂಟು ನೆಟ್ಟಗಿದ್ದು ಗಂಟುಗಳಲ್ಲಿ ಅಂಟುಬೇರಿನ ಮೀಸೆ ಕಂಡರೆ ಅದು ಏರುಬಳ್ಳಿ, ಬೇಡ. ಕೊಂಬೆ ಅಂಕುಡೊಂಕಾಗಿ, ಗಂಟುಗಳಲ್ಲಿ ಬೇರಿಲ್ಲದೆ, ಸಾಧ್ಯವಾದರೆ ಒಂದು ಗೊನೆಯಾದರೂ ಇರುವ ಗಿಡ ಆರಿಸಿ. ಬ್ರೆಜಿಲಿಯನ್ ತಿಪ್ಪಲಿಯ ಮೇಲೆ ಕಸಿ ಕಟ್ಟಿದ್ದು ಸಿಕ್ಕರೆ ಮಳೆಗಾಲದ ಬೇರುಕೊಳೆ ಅದನ್ನು ಅಷ್ಟಾಗಿ ಕಾಡುವುದಿಲ್ಲ. ಆದರೆ ಆ ಬೇರಿಗೆ ಬಾಯಾರಿಕೆ ಹೆಚ್ಚು, ಮಾರ್ಚ್-ಏಪ್ರಿಲಿನಲ್ಲಿ ಒಂದು ದಿನ ನೀರು ತಪ್ಪಿದರೂ ಬಾಡುತ್ತದೆ. ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು, ಕೆಳಗಿನಿಂದ ತಿಪ್ಪಲಿಯ ಚಿಗುರು ಬಂದರೆ ಚಿವುಟಬೇಕು. 12 ಇಂಚಿನ ಮಣ್ಣಿನ ಚಟ್ಟಿ, ದಿನಕ್ಕೆ ಎರಡು ತಾಸಾದರೂ ಎಳೆಬಿಸಿಲು. ಕಣ್ಣೂರು ಜಿಲ್ಲೆಯ ಪನ್ನಿಯೂರು ಮೆಣಸು ಸಂಶೋಧನಾ ಕೇಂದ್ರದ ಪನ್ನಿಯೂರು-1 ನಮ್ಮ ಕಡೆ ಸುಲಭವಾಗಿ ಸಿಗುವ ತಳಿ, ಆದರೆ ಅದು ಬೆಳಕು ಬೇಡುವಂಥದ್ದು; ಗಾಢ ನೆರಳಿನಲ್ಲಿ ಎಲೆ ಮಾತ್ರ ಬಿಟ್ಟೀತು.

ಸಾಂಬ್ರಾಣಿ ಸೊಪ್ಪು (ದೊಡ್ಡಪತ್ರೆ), ಪುದಿನ, ಚಕ್ರಮುನಿ ಮೂರಕ್ಕೂ ಬೆಳಕಿನ ನೆರಳು ಬೇಕು. ಸಾಂಬ್ರಾಣಿಯ ದಂಟು ನೀರು ತುಂಬಿದ್ದು, ಒದ್ದೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ, ಪೂರ್ತಿ ಒಣಗಿದ ಮೇಲೆಯೇ ನೀರು. ಪುದಿನವನ್ನು ಅಂಗಡಿಯ ಕಟ್ಟಿನಿಂದಲೇ ಮಾಡಬಹುದು: ಗಟ್ಟಿ ದಂಟನ್ನು ನಾಲ್ಕು ಇಂಚು ಉದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು ಗ್ಲಾಸಿನ ನೀರಲ್ಲಿಟ್ಟರೆ ಹತ್ತು ದಿನದೊಳಗೆ ಬೇರು. ಚಕ್ರಮುನಿಯ ಚಿಗುರನ್ನು ಬೇಯಿಸಿ ಹಿತಮಿತವಾಗಿ ತಿನ್ನಿ. ತೂಕ ಇಳಿಸಲೆಂದು ಹಸಿ ರಸ ದಿನವೂ ಕುಡಿದವರಿಗೆ 1990ರ ದಶಕದಲ್ಲಿ ತೈವಾನಿನಲ್ಲಿ ಗಂಭೀರ ಶ್ವಾಸಕೋಶದ ಕಾಯಿಲೆ ಬಂದಿತ್ತು.

ಗಾಢ ನೆರಳಿನವರಿಗೆ ಅಲಂಕಾರದ ಗಿಡಗಳುಂಟು. ಸ್ನೇಕ್ ಪ್ಲಾಂಟ್, ಜೆಡ್‌ಜೆಡ್, ಮನಿಪ್ಲಾಂಟ್, ಅಗ್ಲೋನೀಮಾ ಬೆಳಕು ಕಡಿಮೆಯಾದರೂ ತಡೆಯುತ್ತವೆ. ಪೀಸ್ ಲಿಲಿ, ಸಿಂಗೋನಿಯಂ, ಜರಿಗಿಡ, ಆಂತೂರಿಯಂ ಇವುಗಳಿಗೆ ಸ್ವಲ್ಪ ಹೆಚ್ಚು ಬೆಳಕು ಮತ್ತು ನಮ್ಮ ಕರಾವಳಿಯ ತೇವದ ಗಾಳಿ ಹಿಡಿಸುತ್ತದೆ. ಘಟ್ಟದ ಮೇಲಿನವರು ನೀರು ಚಿಮುಕಿಸಿ ಸಾಕುವ ಜರಿಗಿಡ ಇಲ್ಲಿ ತಾನಾಗಿ ಬೆಳೆಯುತ್ತದೆ. ಮನಿಪ್ಲಾಂಟ್, ಅಗ್ಲೋನೀಮಾ, ಪೀಸ್ ಲಿಲಿ, ಡೈಫನ್‌ಬೇಕಿಯಾ ಬಾಯಿಗೆ ಹೋದರೆ ಉರಿ, ಊತ. ಅಂಬೆಗಾಲಿನ ಮಕ್ಕಳೋ ಬೆಕ್ಕೋ ಇರುವ ಮನೆಯಲ್ಲಿ ಮೇಲಿಡಿ.

ಚಟ್ಟಿ ಮತ್ತು ಮಣ್ಣು

ನೆರಳಿಗೆ ಮಣ್ಣಿನ ಚಟ್ಟಿ ವಾಸಿ, ಗೋಡೆಯಿಂದಲೂ ನೀರು ಆರುತ್ತದೆ. ಪೊದೆಮೆಣಸು, ಸಾಂಬ್ರಾಣಿ, ವೀಳ್ಯಕ್ಕೆ ಮಣ್ಣಿನದ್ದು. ಒಂದೆಲಗ, ಕೆಸುವಿಗೆ ಪ್ಲಾಸ್ಟಿಕ್ ಆದರೂ ನಡೆದೀತು. ಗಿಡಕ್ಕಿಂತ ತೀರಾ ದೊಡ್ಡ ಚಟ್ಟಿ ಬೇಡ: ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಹುಳಿಯುತ್ತದೆ. ಬೇರಿನ ಉಂಡೆಗಿಂತ ಎರಡು ಇಂಚು ಅಗಲ ಸಾಕು. ಭಾರದ ಲೆಕ್ಕವನ್ನೂ ಮರೆಯಬಾರದು. 12 ಇಂಚಿನ ಚಟ್ಟಿಗೆ ಸುಮಾರು 15 ಲೀಟರ್ ಹಿಡಿಯುತ್ತದೆ. ಬರೀ ಮಣ್ಣು ತುಂಬಿ ನೀರು ಹಾಕಿದರೆ ಇಪ್ಪತ್ತೈದು ಕಿಲೋ ಆಸುಪಾಸು. ಹೊರಚಾಚಿದ ಬಾಲ್ಕನಿಯಲ್ಲಿ ಭಾರದ ಚಟ್ಟಿಗಳು ಮನೆಯ ಗೋಡೆಯ ಬದಿಗೆ, ಹಗುರದವು ಅಂಚಿಗೆ. ಕಂಬಿಯ ಹೊರಗಡೆ ತೂಗುಹಾಕುವುದು ಮಾತ್ರ ಬೇಡವೇ ಬೇಡ, ಮೊದಲ ಗಾಳಿಮಳೆಗೆ ಕೆಳಗಿದ್ದವರ ತಲೆಯ ಮೇಲೆ.

ನಮ್ಮ ಮುರಮಣ್ಣು ಹುಳಿ ಗುಣದ್ದು, ಚಟ್ಟಿಯಲ್ಲಿ ಎರಡು ತಿಂಗಳಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. 10 ಲೀಟರ್ ಮಣ್ಣಿಗೆ ಒಂದು ದೊಡ್ಡ ಚಮಚ ಚಿಪ್ಪಿ ಸುಣ್ಣದ ಹುಡಿ ಬೆರೆಸಿ, ತೇವ ಮಾಡಿ, ಎರಡು ವಾರ ಬಿಡಿ. ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಆವಿಯಾಗಿ ಹೋಗುತ್ತದೆ.

ತಾರಸಿ ಕೃಷಿಯವರು ಹೇಳುವ ಮಣ್ಣು, ತೆಂಗಿನ ನಾರಿನ ಹುಡಿ, ಗೊಬ್ಬರ ಸಮಸಮ ಎಂಬ ಅಳತೆ ಬಿಸಿಲಿಗೆ ಸರಿ, ನೆರಳಿಗೆ ಅದು ಹೆಚ್ಚು ನೀರು ಹಿಡಿಯುತ್ತದೆ. ನೆರಳಿಗೆ ಹೀಗೆ ಮಾಡಿ: ಸುಣ್ಣ ಸೇರಿಸಿದ ಮಣ್ಣು ಒಂದು ಪಾಲು, ತೊಳೆದ ನಾರಿನ ಹುಡಿ ಒಂದು ಪಾಲು, ಒಣಗಿದ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಮತ್ತು ಗಾಳಿಯಾಡಲು ಒಂದು ಪಾಲು ಒರಟು ವಸ್ತು. ಗೆರಟೆ ಇದ್ದಿಲನ್ನು ಕಡಲೆಕಾಳಿನಷ್ಟು ಚೂರು ಮಾಡಿದ್ದು, ಹಂಚಿನ ಚೂರು, ಸುಟ್ಟ ಉಮಿ ಯಾವುದಾದರೂ ಸರಿ. ಹಲ್ಲುಜ್ಜುವ ಹುಡಿಯಷ್ಟು ನುಣುಪಾದರೆ ಮಾತ್ರ ಪ್ರಯೋಜನವಿಲ್ಲ. ಕಡಲ ಹೊಯ್ಗೆ ತರಬೇಡಿ, ಉಪ್ಪು. 10 ಲೀಟರ್ ಮಿಶ್ರಣಕ್ಕೆ 50 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಎಲುಬಿನ ಹುಡಿ. ಮನೆಯ ಹಿಂದೆ ಸುಡುಮಣ್ಣು ಮಾಡುವ ಪದ್ಧತಿ ಇನ್ನೂ ಇರುವವರು ಮಣ್ಣಿನ ಪಾಲಿಗೆ ಅದನ್ನೇ ಬಳಸಲಿ, ಕಳೆಬೀಜವೂ ರೋಗಾಣುವೂ ಕಡಿಮೆ. ಅದರಲ್ಲಿ ಬೂದಿ ಇರುವುದರಿಂದ ಸುಣ್ಣ ಬಿಡಬಹುದು.

ನಾರಿನ ಹುಡಿಯ ವಿಷಯದಲ್ಲಿ ಸೋಮಾರಿತನ ಬೇಡ. ಹಿನ್ನೀರಲ್ಲಿ ನೆನೆಹಾಕಿದ ಸಿಪ್ಪೆಯ ಹುಡಿಯಲ್ಲಿ ಉಪ್ಪು, ಹೊಸ ಹುಡಿಯಲ್ಲಿ ಚೊಗರು. ಇಟ್ಟಿಗೆಯಂತೆ ಒತ್ತಿದ 5 ಕಿಲೋ ಬ್ಲಾಕ್ ನೆನೆದರೆ 60-70 ಲೀಟರ್ ಆಗುತ್ತದೆ, ಅಷ್ಟನ್ನೂ ಗೋಣಿಯಲ್ಲಿ ತುಂಬಿಸಿ ಮೂರು ಸಲ ನೀರು ಬದಲಿಸಿ ಹಿಂಡಿ. ಕೊನೆಯ ನೀರು ಕಪ್ಪು ಚಹಾದ ಬಣ್ಣ ಬಿಟ್ಟು ತಿಳಿ ಹಳದಿಗೆ ಬಂದರೆ ಸಾಕು. ತೊಳೆಯದೆ ಹಾಕಿದರೆ ಎಲೆಯ ತುದಿ ಸುಟ್ಟಂತಾಗುತ್ತದೆ. ಹುಡಿ ಪಾಲು ಮೀರಿದರೆ ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಬಿಳಚುತ್ತದೆ. ಎರೆಗೊಬ್ಬರಕ್ಕೆ ತೆಂಗಿನ ಗರಿಯೇ ಸಾಕು: ಕೂಡ್ಲಿನಲ್ಲಿರುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಅದರ ಕ್ರಮವನ್ನು ರೂಪಿಸಿದೆ. ಸಸಿ, ಬೀಜಗಳಿಗೆ ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ಮೊದಲು ವಿಚಾರಿಸಿ.

ತುಂಬುವಾಗ ತಳಕ್ಕೆ ಎರಡು ಇಂಚು ಜಲ್ಲಿ ಹಾಕುವ ರೂಢಿ ಉಂಟು. ಅದರಿಂದ ಲಾಭವಿಲ್ಲ. ನುಣ್ಣನೆಯ ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ ಮಣ್ಣಿನ ತಳದಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಒದ್ದೆ ಪದರ ಬೇರಿಗೆ ಹತ್ತಿರ. ತೂತಿನ ಮೇಲೆ ಒಂದು ಗೆರಟೆ ಚೂರು ಕವುಚಿ, ನೇರ ಮಣ್ಣು ತುಂಬಿ. ಮೇಲೆ ಒಂದು ಇಂಚು ಖಾಲಿ ಬಿಡಿ. ಚಟ್ಟಿಯ ಕೆಳಗೆ ಮೂರು ಹಂಚಿನ ತುಂಡು ಇಟ್ಟು ನೆಲದಿಂದ ಎತ್ತರಿಸಿ, ತೂತು ನೆಲಕ್ಕೆ ಅಂಟಿದರೆ ತೂತೇ ಇಲ್ಲದ ಹಾಗೆ.

ನರ್ಸರಿಯಿಂದ ತಂದ ದಿನವೇ ಚಟ್ಟಿ ಬದಲಿಸಬೇಡಿ. ಹತ್ತು ದಿನ ಹಾಗೆಯೇ ಬಾಲ್ಕನಿಯಲ್ಲಿರಲಿ. ಒಂದೆರಡು ಎಲೆ ಉದುರಿದರೆ ಅದು ಹೊಸ ಬೆಳಕಿಗೆ ಒಗ್ಗುವ ರೀತಿ, ನೀರು ಸುರಿಯಲು ಕಾರಣವಲ್ಲ.

ನೀರು

"ದಿನ ಬಿಟ್ಟು ದಿನ" ಎಂಬ ವ್ರತ ಬಿಡಿ. ಬೆರಳಿನ ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ: ತಣ್ಣಗೆ ಅಂಟಿದರೆ ಬೇಡ, ಹುಡಿಯಾಗಿದ್ದರೆ ಹಾಕಿ. ಹಾಕುವಾಗ ತಳದಿಂದ ಹರಿಯುವವರೆಗೆ, ಬೆಳಿಗ್ಗೆ. ಚಿಕ್ಕ ಚಟ್ಟಿಯನ್ನು ಎತ್ತಿ ನೋಡಿದರೂ ಕೈಗೆ ತೂಕ ಗೊತ್ತಾಗುತ್ತದೆ, ವಾರದಲ್ಲಿ ಅಭ್ಯಾಸವಾಗುತ್ತದೆ. ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದರೆ, ಸಣ್ಣ ಕಪ್ಪು ನೊಣ ಎದ್ದರೆ ನೀರು ಹೆಚ್ಚಾಗಿದೆ ಎಂದರ್ಥ.

ಮಳೆಗಾಲದ ಸಿದ್ಧತೆ ಪತ್ತನಾಜೆಯೊಳಗೆ (ಮೇ ಕೊನೆಯ ವಾರ) ಮುಗಿಯಲಿ. ಚಟ್ಟಿಯಡಿಯ ತಟ್ಟೆಗಳನ್ನೆಲ್ಲ ತೆಗೆದಿಡಿ, ಒತ್ತಾದ ಕೊಂಬೆ ಸವರಿ, ಚಟ್ಟಿಗಳ ನಡುವೆ ಕೈ ಹೋಗುವಷ್ಟು ಅಂತರ ಬಿಡಿ. ಪೊದೆಮೆಣಸಿಗೆ ಕೊಳೆರೋಗ ತಡೆಯುವ ಶೇ. 1ರ ಬೋರ್ಡೊ ದ್ರಾವಣ ಒಮ್ಮೆ ಸಿಂಪಡಿಸಬಹುದು. ತೋಟಕ್ಕೆ 100 ಲೀಟರಿಗೆ ಮೈಲುತುತ್ತು, ಸುಣ್ಣ ತಲಾ 1 ಕಿಲೋ ಎಂಬ ಅಳತೆ ಇಲ್ಲಿ ಒಂದು ಲೀಟರಿಗೆ ತಲಾ 10 ಗ್ರಾಂ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಎಲೆಯನ್ನೇ ತಿನ್ನುವ ವೀಳ್ಯ, ಸಾಂಬ್ರಾಣಿ, ಒಂದೆಲಗಕ್ಕೆ ತುತ್ತು ತಾಗಿಸಬೇಡಿ.

ಜೂನ್-ಜುಲೈಯಲ್ಲಿ ಎರಡು ವಿರುದ್ಧ ತಪ್ಪುಗಳಾಗುತ್ತವೆ. ಪಶ್ಚಿಮದವರ ಚಟ್ಟಿಗಳು ಇರಚಲಿಗೆ ತೊಯ್ದು ಕೊಳೆಯುತ್ತವೆ, ಪೂರ್ವದ ಮುಚ್ಚಿದ ಬಾಲ್ಕನಿಯವರ ಗಿಡ ಹೊರಗೆ ಧಾರಾಕಾರ ಮಳೆ ಸುರಿಯುತ್ತಿರುವಾಗಲೇ ನೀರಿಲ್ಲದೆ ಬಾಡುತ್ತದೆ. ಬೆರಳನ್ನೇ ನಂಬಿ. ತಟ್ಟೆ ಬೇಕೇ ಬೇಕಾದರೆ ವಾರಕ್ಕೊಮ್ಮೆ ಚೆಲ್ಲಿ, ಬದಿಯನ್ನು ಉಜ್ಜಿ ತೊಳೆಯಿರಿ. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ಒಂದು ವಾರ ಹತ್ತು ದಿನ ಸಾಕು, ಮೊಟ್ಟೆ ಒಣ ಅಂಚಿಗೂ ಅಂಟಿ ಕುಳಿತಿರುತ್ತದೆ.

ಗೊಬ್ಬರ ಅರ್ಧಕ್ಕರ್ಧ ಕಡಿಮೆ. ಬೆಳಕು ಕಡಿಮೆಯಿದ್ದಾಗ ಗಿಡ ನಿಧಾನವಾಗಿ ಉಣ್ಣುತ್ತದೆ. ತುರುಕಿದರೆ ದಂಟು ಮೆತ್ತಗಾಗಿ ಹುಳಕ್ಕೆ ಹಬ್ಬ. ತಿಂಗಳಿಗೊಮ್ಮೆ ಚಟ್ಟಿಗೊಂದು ಮುಷ್ಟಿ ಎರೆಗೊಬ್ಬರ ಸಾಕು, ಆಟಿಯಲ್ಲಿ ಅದೂ ಬೇಡ. ನೆಲಗಡಲೆ ಹಿಂಡಿ ಕೊಳೆಸಿದ ನೀರು ಒಳ್ಳೆಯದೇ, ಆದರೆ ಫ್ಲಾಟಿನಲ್ಲಿ ಆ ನಾತಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

ಕೆಟ್ಟಾಗ

ಗಂಟಿನಿಂದ ಗಂಟಿಗೆ ಅಂತರ ಹೆಚ್ಚಿ, ಎಲೆ ಚಿಕ್ಕದಾಗಿ, ಗಿಡ ಹೊರಗೆ ಬಾಗಿದರೆ ಬೆಳಕು ಸಾಲದು: ಎತ್ತರಕ್ಕೇರಿಸಿ, ವಾರಕ್ಕೊಮ್ಮೆ ಚಟ್ಟಿಯನ್ನು ಕಾಲು ಸುತ್ತು ತಿರುಗಿಸಿ. ಬಿಳಿ ಹಿಟ್ಟಿನಂಥ ತಿಗಣೆ ಬಂದರೆ ಹಳೆ ಬ್ರಷ್‌ನಿಂದ ಉಜ್ಜಿ ತೆಗೆದು, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ನೀರಿಗೆ ಬೆರೆಯುವಷ್ಟು ಸೋಪು ಹಾಕಿ ಸಂಜೆ ಸಿಂಪಡಿಸಿ. ವಾರಕ್ಕೊಂದರಂತೆ ಮೂರು ಸಲ, ಒಂದೇ ಸಲಕ್ಕೆ ಬಿಟ್ಟರೆ ಮೊಟ್ಟೆಯೊಡೆದು ಮತ್ತೆ ಬರುತ್ತವೆ. ಕೆಳಮಹಡಿಯವರಿಗೆ ಬಸವನಹುಳದ ಕಾಟ. ಒದ್ದೆ ಗೋಣಿಯ ಅಡಿಯಲ್ಲಿ ಕೋಸಿನ ಎಲೆ ಇಟ್ಟರೆ ರಾತ್ರಿ ಅಲ್ಲಿ ಸೇರುತ್ತವೆ, ಬೆಳಿಗ್ಗೆ ಕೈಗವಸು ಹಾಕಿಕೊಂಡು ಹೆಕ್ಕಿ. ಚಟ್ಟಿಯ ಮೇಲೆ ಉಪ್ಪು ಚೆಲ್ಲಿದರೆ ಹುಳಕ್ಕಿಂತ ಮೊದಲು ಗಿಡ ಸಾಯುತ್ತದೆ.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ತಡಮಾಡಬೇಡಿ, ಅದೇ ದಿನ ಚಟ್ಟಿ ಕವುಚಿ ಬೇರು ನೋಡಿ. ಬೇರು ಬಿಳಿ, ಗಟ್ಟಿ ಇದ್ದರೆ ಒಂದು ದಿನ ಹೊರಗಿಟ್ಟು ಆರಿಸಿ ಮತ್ತೆ ಕೂರಿಸಿ. ಕಂದಾಗಿ, ಎಳೆದರೆ ಸಿಪ್ಪೆ ಜಾರಿ ಬಂದರೆ ಕೊಳೆತ ಭಾಗವನ್ನೆಲ್ಲ ಶುದ್ಧ ಕತ್ತರಿಯಿಂದ ತೆಗೆದು, ಎಲೆಗಳನ್ನು ಅರ್ಧಕ್ಕಿಳಿಸಿ, ಮೊದಲಿಗಿಂತ ಚಿಕ್ಕ ಚಟ್ಟಿಯಲ್ಲಿ ಹೊಸ ಮಿಶ್ರಣದಲ್ಲಿ ನೆಡಿ. ಹೊಸ ಚಿಗುರು ಕಾಣುವವರೆಗೆ ಗೊಬ್ಬರವಿಲ್ಲ, ನೀರು ಅಳೆದು. ಬುಡವೇ ಮೆತ್ತಗಾಗಿದ್ದರೆ ಬೇರನ್ನು ಬಿಟ್ಟುಬಿಡಿ, ಮೇಲಿನ ಗಟ್ಟಿ ದಂಟಿನಿಂದ ನಾಲ್ಕು ಗಂಟಿನ ತುಂಡು ಮಾಡಿಕೊಳ್ಳಿ. ವೀಳ್ಯ, ಸಾಂಬ್ರಾಣಿ, ಮನಿಪ್ಲಾಂಟ್ ಆ ತುಂಡಿನಿಂದಲೇ ಮತ್ತೆ ಬರುತ್ತವೆ.